ಸೂರಕ್ಕಿಯ ಮನೆತನ

ನಮ್ಮ ಭಾವ ಲಾ ಜಮೂದಿ ಕೆಟ್ಟ ಮನುಷ್ಯನಲ್ಲ. ತೊಮಿಯಾ ದ್ವೀಪದ ಯಾವ ಬೆಸ್ತರ ಮನೆಯಲ್ಲಿ ಬೇಕಾದರೂ ವಿಚಾರಿಸಿ, ದೋಣಿಯ ಎಂಜಿನ್ ಕೆಟ್ಟಾಗ ಮೊದಲು ನೆನಪಾಗುವುದು ಅವನೇ. ಅವನು ರಿಪೇರಿ ಮಾಡಿ ಮುಗಿಸಿದ ಮೇಲೆ ಯಾವಾಗಲೂ ಒಂದೆರಡು ನಟ್ಟು ಮಿಕ್ಕಿರುತ್ತವೆ, ಆದರೂ ದೋಣಿ ಓಡುತ್ತದೆ. ಆ ನಟ್ಟುಗಳನ್ನು "ಕಂಪನಿಯವರು ಸುಮ್ನೆ ಹಾಕಿರ್ತಾರೆ" ಎಂದು ಡಬ್ಬಿಗೆ ಹಾಕಿಕೊಳ್ಳುವ ಧೈರ್ಯ ಅವನೊಬ್ಬನಿಗೇ ಇರುವುದು. ಅವನಲ್ಲಿರುವ ದೋಷ ಒಂದೇ. "ಗೊತ್ತಿಲ್ಲ" ಎಂಬ ಮಾತು ಹುಟ್ಟಿದಾಗಿನಿಂದ ಅವನ ಬಾಯಿಂದ ಬಂದಿಲ್ಲ.

ಅವನು ಎಂಜಿನ್ ಬಿಚ್ಚುವುದು ಮನೆಯ ಜಗಲಿಯ ಮೇಲೆ, ಮುಂಬಾಗಿಲಿಗೆ ಬೆನ್ನು ಹಾಕಿ. ಕೂತಲ್ಲಿಗೆ ಬೆಳಕು ಸಾಲದೆಂದು ಬಾಗಿಲ ನೆತ್ತಿಯ ಮೇಲಿದ್ದ ಬಲ್ಬಿನ ವೈರನ್ನು ಎರಡು ಮೊಳ ಇಳಿಸಿದ್ದ. "ಈ ಕೆಲಸ ಮುಗಿಲಿ, ಮೇಲೆತ್ತುತೀನಿ" ಎಂದು ನಮ್ಮ ಅಕ್ಕ ಹಲೀಪಾಗೆ ಮಾತು ಕೊಟ್ಟು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಬಲ್ಬು ಹೋಯಿತು, ವೈರು ಉಳಿಯಿತು. ಆ ವೈರಿನ ತುದಿಗೆ ಹೂವಿನ ಜೇನು ಹೀರುವ ಒಂದು ಪುಟ್ಟ ಸೂರಕ್ಕಿ ಬಂದು ಗೂಡು ಕಟ್ಟಿತು.

ಕಟ್ಟಿದ್ದು ಹೆಣ್ಣು ಹಕ್ಕಿ. ಒಣಹುಲ್ಲು, ತೆಂಗಿನ ನಾರು, ಅಕ್ಕಿ ಚೀಲದ ದಾರ, ಎಲ್ಲವನ್ನೂ ಜೇಡರ ಬಲೆಯಿಂದ ಅಂಟಿಸಿ ಸಂಚಿಯ ಹಾಗೆ ಇಳಿಬಿಟ್ಟಿತು. ಪಕ್ಕದಲ್ಲೊಂದು ಬಾಗಿಲು, ಬಾಗಿಲ ಮೇಲೆ ಮಳೆ ತಾಗದಂತೆ ಪುಟ್ಟ ಸೂರು, ಕೆಳಗೆ ನೇತಾಡುವ ನಾರಿನ ಬಾಲ. ಗಂಡು ಹಕ್ಕಿ ನೀಲಿಗಪ್ಪು ಎದೆ ಉಬ್ಬಿಸಿಕೊಂಡು ನುಗ್ಗೆಮರದಲ್ಲಿ ಕೂತು ಮೇಲ್ವಿಚಾರಣೆ ನಡೆಸಿತು. ಈ ಏರ್ಪಾಡಿನಲ್ಲಿ ನಮ್ಮ ಅಕ್ಕನಿಗೆ ಹೊಸದೇನೂ ಕಾಣಲಿಲ್ಲ.

ಇದೇ ಹೊತ್ತಿಗೆ ನಮ್ಮ ಊರಿನ ಮುಖ್ಯಸ್ಥರಿಗೆ ಕೆಂದಾರಿ ಪಟ್ಟಣದಿಂದ ಒಂದು ಕಾಗದ ಬಂತು. ಬರೆದವರು ಹಕ್ಕಿಗಳ ವಿಚಾರ ಓದಿಕೊಂಡ ಬು ಹಸ್ನಿಯಾ ಎಂಬ ಹೆಂಗಸು. ನಮ್ಮ ದ್ವೀಪಗಳ ಸೂರಕ್ಕಿ ಇದುವರೆಗೆ ಸುಲಾವೆಸಿ ಎಂಬ ದೊಡ್ಡ ದ್ವೀಪದ ಸೂರಕ್ಕಿಯ ಒಂದು ಬಗೆ ಎಂದು ತಿಳಿಯಲಾಗಿತ್ತು, ಈಗ ಅದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾಗಿದೆ, ಗೂಡುಗಳನ್ನು ಅಭ್ಯಾಸ ಮಾಡಲು ಬರುತ್ತೇನೆ ಎಂದಿತ್ತು. ಮುಖ್ಯಸ್ಥರು ಇದನ್ನು ಶುಕ್ರವಾರದ ನಮಾಜಾದ ಮೇಲೆ ಮಸೀದಿಯ ಮುಂದೆ ಓದಿದರು. ಯಾರಿಗೂ ಅರ್ಥವಾಗದ್ದು ಕಂಡು ತಾವೇ ಬಿಡಿಸಿ ಹೇಳಿದರು. "ಅಂದ್ರೆ ಏನಪ್ಪಾ, ನಿನ್ನೆವರೆಗೂ ನಮ್ಮ ಹಕ್ಕಿ ಇನ್ನೊಬ್ಬರ ಮನೇಲಿ ಬಿದ್ದಿತ್ತು. ಇವತ್ತಿಂದ ಅದಕ್ಕೆ ಸ್ವಂತ ಮನೆತನ. ಸರ್ಕಾರಾನೇ ಒಪ್ಕೊಂಡಿದೆ."

ಜನ ತಲೆದೂಗಿದರು. ಮನೆತನದ ವಿಚಾರ ನಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಗಂಡಸಿನ ಹೆಸರಿನ ಮುಂದೆ ‘ಲಾ’, ಹೆಂಗಸಿನ ಹೆಸರಿನ ಮುಂದೆ ‘ವಾ’ ಇರುತ್ತದೆ; ಪಟ್ಟಣದ ಓದಿದ ಹೆಂಗಸರನ್ನು ಮಾತ್ರ ಗೌರವಕ್ಕೆ ‘ಬು’ ಎನ್ನುತ್ತೇವೆ. ಸುಲ್ತಾನರ ಕಾಲದ ದೊಡ್ಡ ಮನೆತನವಾದರೆ ಅದರ ಬೆನ್ನಿಗೇ ‘ಓದೆ’ ಸೇರುತ್ತದೆ. ಹೆಸರು ಕೇಳಿದ ಕೂಡಲೇ ಯಾರನ್ನು ಚಾಪೆಯ ಯಾವ ತುದಿಯಲ್ಲಿ ಕೂರಿಸಬೇಕೆಂದು ಗೊತ್ತಾಗಿಬಿಡುತ್ತದೆ. ನಮ್ಮ ಭಾವ ಬರಿಯ ಲಾ. ಅವನ ಮಗಳು ವಾ ಸರೀಮಾಳನ್ನು ಮೆಚ್ಚಿಕೊಂಡಿದ್ದ ಮೇಷ್ಟ್ರು ಹುಡುಗ ಲಾ ಓದೆ. ಹುಡುಗನದೇನೂ ತಕರಾರಿಲ್ಲ. ಅವನ ತಾಯಿ ವಾ ಓದೆ ಮಾಸಿನಾ ಅವರು ಮಾತ್ರ ಎರಡು ವರ್ಷ ಮೂಗು ಮುರಿದು, ಮಗ ಊಟ ಬಿಟ್ಟ ಮೇಲೆ, ದಿನ ಗೊತ್ತು ಮಾಡಲು ಬರುತ್ತೇನೆಂದು ಹೇಳಿ ಕಳಿಸಿದ್ದರು.

ಅವರು ಭಾನುವಾರ ಬಂದರು, ಇಬ್ಬರು ಓರಗಿತ್ತಿಯರೊಂದಿಗೆ. ಜಗಲಿ ಹತ್ತಿ ಮುಂಬಾಗಿಲಿಗೆ ಬಂದವರು ಸರಿಯಾಗಿ ಮೂಗಿನ ಮುಂದೆ ನೇತಾಡುತ್ತಿದ್ದ ವಸ್ತುವನ್ನು ನೋಡಿ ನಿಂತುಬಿಟ್ಟರು.

"ಇದೇನಿದು, ಮುಂಬಾಗಿಲಲ್ಲೇ ಕಸ ನೇತು ಹಾಕಿದೀರಿ? ಸಂಬಂಧ ಬೆಳೆಸೋಕೆ ಬಂದೋರಿಗೆ ಇದೇನಾ ತೋರಣ?"

ಓರಗಿತ್ತಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬಾಗಿಲ ಹಿಂದೆ ಸರೀಮಾ ಹಿಡಿದಿದ್ದ ಕಾಫಿ ಲೋಟಗಳು ಗಲಗಲ ಎಂದವು. ಭಾವ ಕೈಯ ಗ್ರೀಸನ್ನು ಹೊಸ ಅಂಗಿಗೆ ಒರೆಸಿಕೊಂಡ.

"ಕಸ ಅಲ್ಲ ಅಮ್ಮಾವ್ರೇ, ಗೂಡು."

"ಗೂಡೋ ಗೀಡೋ, ಕಿತ್ತು ಬಿಸಾಕಿ. ನಾನು ಯಾರ ಮನೆ ಬಾಗಿಲಲ್ಲೂ ಬಗ್ಗಿದೋಳಲ್ಲ."

ಕಿತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಸ ಎಂಬ ಮಾತು ಅವನನ್ನು ಚುಚ್ಚಿತ್ತು.

"ಕೀಳೋದಾ! ಸರ್ಕಾರ ಸುಮ್ನಿರುತ್ತಾ? ಇದೇನು ಅಂತಿಂಥ ಹಕ್ಕಿ ಅಂದ್ಕೊಂಡ್ರಾ? ಮೊನ್ನೆ ಮಸೀದಿ ಮುಂದೆ ಓದಿ ಹೇಳಿದ್ರಲ್ಲ, ಸ್ವಂತ ಮನೆತನದ್ದು. ಹಕ್ಕಿಗಳಲ್ಲಿ ಓದೆ ಅಂದ್ರೆ ಇದೇ."

"ಹಕ್ಕಿಗಳಲ್ಲಿ?"

"ಹಕ್ಕಿಗಳಲ್ಲಿ. ಎಲ್ಲೆಂದರಲ್ಲಿ ಗೂಡು ಕಟ್ಟೋ ಜಾಯಮಾನ ಅಲ್ಲ ಅಮ್ಮಾವ್ರೇ ಇದರದ್ದು. ಹಳೇ ವಂಶದ ಮನೆ ಯಾವುದು ಅಂತ ಹುಡುಕಿ ಹುಡುಕಿ ಕಟ್ಟುತ್ತೆ. ನಮ್ಮ ತಾತನ ಕಾಲದಲ್ಲೂ ಇದೇ ಬಾಗಿಲಲ್ಲಿ ಇತ್ತು."

ಅವನ ತಾತನ ಕಾಲದಲ್ಲಿ ಆ ಮನೆಗೆ ಬಾಗಿಲೇ ಇರಲಿಲ್ಲ. ಒಂದು ಗೋಣಿ ತಟ್ಟು ಇತ್ತು. ನಾನು ಕೆಮ್ಮಿದೆ. ಅಕ್ಕ ನನ್ನ ಕಾಲು ತುಳಿದಳು.

ವಾ ಓದೆ ಮಾಸಿನಾ ಗೂಡನ್ನು ನೋಡಿದರು, ಭಾವನನ್ನು ನೋಡಿದರು, ಮತ್ತೆ ಗೂಡನ್ನು ನೋಡಿದರು. ಗೂಡಿನಿಂದ ಹೆಣ್ಣು ಹಕ್ಕಿ ಡೊಂಕು ಕೊಕ್ಕು ಹೊರಚಾಚಿ ಅವರನ್ನು ನೋಡಿತು. ಆಮೇಲೆ ನಡೆದದ್ದನ್ನು ನಮ್ಮ ಬೀದಿ ಇವತ್ತಿಗೂ ಮರೆತಿಲ್ಲ. ಆ ಮಹಾತಾಯಿ ಒಂದು ಕೈಯಲ್ಲಿ ಸೆರಗು ಹಿಡಿದು, ಸೊಂಟ ಬಗ್ಗಿಸಿ, ಗೂಡಿನ ಬಾಲ ತಲೆಗೆ ತಾಗದ ಹಾಗೆ ಒಳಗೆ ಬಂದರು. ಓರಗಿತ್ತಿಯರೂ ಬಗ್ಗಿದರು. ಇಪ್ಪತ್ತಾರನೆಯ ದಿನಕ್ಕೆ ಮದುವೆ ಗೊತ್ತಾಯಿತು.

ಹೊರಡುವಾಗ ಮತ್ತೆ ಬಗ್ಗಿ, ಜಗಲಿಯಲ್ಲಿ ಸೊಂಟ ಹಿಡಿದುಕೊಂಡು ಹೇಳಿದರು. "ಮದುವೆಗೆ ನಮ್ಮ ಕಡೆಯೋರು ಅರವತ್ತು ಜನ. ಅರವತ್ತು ಜನಾನೂ ಬಗ್ಗೋಕಾಗಲ್ಲ. ಹಿತ್ತಲ ಬಾಗಿಲಲ್ಲಿ ಬರೋಕೆ ನಾವೇನು ಹುಡುಗೀನ ಹಾರಿಸ್ಕೊಂಡು ಹೋಗೋರಾ? ಅಷ್ಟರೊಳಗೆ ದಾರಿ ಸರಿ ಮಾಡ್ಸಿ, ಇಲ್ದಿದ್ರೆ ನಾವು ಬೀದೀಲೇ ನಿಂತು ವಾಪಸ್ ಹೋಗ್ತೀವಿ."

ಆವಾಗ ಭಾವನಿಗೆ ತಾನೇ ಬಿಗಿದುಕೊಂಡ ಗಂಟು ಕಾಣಿಸಿತು. ಗೂಡು ಇಟ್ಟರೆ ಬೀಗರಿಗೆ ಬಾಗಿಲಿಲ್ಲ. ಗೂಡು ತೆಗೆದರೆ ವಂಶದ ಹಕ್ಕಿಯನ್ನು ಕಸದ ಹಾಗೆ ಎಸೆದನೆಂದಾಗುತ್ತದೆ, ಸುಳ್ಳು ಬಯಲಾಗುತ್ತದೆ. ಸರೀಮಾ ಖಾಲಿ ಲೋಟಗಳನ್ನು ಕುಕ್ಕಿ ಕೇಳಿದಳು.

"ಅಪ್ಪಾ, ಮದುವೆ ನಂದೋ ಹಕ್ಕೀದೋ?"

"ಅಯ್ಯೋ, ಅಷ್ಟೊತ್ತಿಗೆ ಮರಿ ಹಾರಿಹೋಗಿರ್ತವೆ ಬಿಡು."

"ನಿಂಗೆ ಹೇಗೆ ಗೊತ್ತು?"

"ನಂಗೆ ಗೊತ್ತಿಲ್ವಾ?"

ಗೂಡಿನಲ್ಲಿ ಆಗಿನ್ನೂ ಮೊಟ್ಟೆಯೇ ಇರಲಿಲ್ಲ.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ನನ್ನದು ಕಿರಾಣಿ ಅಂಗಡಿ, ಊರಿನ ತಲೆ ಎತ್ತ ತಿರುಗಿದೆ ಎಂದು ಮೊದಲು ಗೊತ್ತಾಗುವುದು ನನಗೇ. ಮಂಗಳವಾರದ ಹೊತ್ತಿಗೆ ಅಂಗಡಿಯಲ್ಲಿ ವೈರು ಒಂದು ಗೇಣೂ ಉಳಿಯಲಿಲ್ಲ. ಪೊರಕೆ ಒಂದೂ ಮಾರಾಟವಾಗಲಿಲ್ಲ. ಗೂಡಿಗೆ ಜೇಡರ ಬಲೆ ಬೇಕೆಂದು ಯಾರೋ ಹೇಳಿ, ಊರಿನ ಹೆಂಗಸರು ಬಲೆ ಹೊಡೆಯುವುದನ್ನೇ ಬಿಟ್ಟಿದ್ದರು. ವಾ ಓದೆ ಮಾಸಿನಾ ಅವರ ಮನೆಯಲ್ಲಂತೂ ಎಲ್ಲ ಸೂರಿಗೂ ಬಲ್ಬಿಲ್ಲದ ವೈರು ಇಳಿಬಿದ್ದಿತ್ತು. ಕೆಲಸದವಳು ಅಭ್ಯಾಸಬಲದಿಂದ ಒಂದು ಮೂಲೆಯ ಬಲೆ ತೆಗೆದದ್ದಕ್ಕೆ, "ನಮ್ಮ ವಂಶಕ್ಕೆ ಪೊರಕೆ ಹಾಕ್ತೀಯೇನೇ?" ಎಂದು ಬೈಸಿಕೊಂಡಳು.

ಹಕ್ಕಿಗಳಿಗೆ ಇದು ಗೊತ್ತಿರಲಿಲ್ಲ. ಅವು ತಮ್ಮ ಪಾಡಿಗೆ ಬೇಕಾದಲ್ಲಿ ಗೂಡು ಕಟ್ಟುತ್ತಿದ್ದವು. ಮೀನು ಒಣಗಿಸುವ ಲಾ ಪೊಂದಾನ ಚಪ್ಪರದಲ್ಲಿ ಒಂದು ಗೂಡು ಸಿಕ್ಕಿತು. ಅವನು ಜಗಲಿಗೆ ಬಂದು ತೊಡೆ ತಟ್ಟಿದ. "ಏನಪ್ಪಾ ಜಮೂದಿ, ಹಂಗಾದ್ರೆ ನಾನೂ ಓದೆ. ಇನ್ಮೇಲೆ ಚಾಪೆ ಮೇಲ್ಗಡೆ ಕೂರ್ತೀನಿ."

ಸುತ್ತ ಹತ್ತು ಜನ ಸೇರಿದರು. ಭಾವ ಸ್ಪಾರ್ಕ್ ಪ್ಲಗ್ಗಿನ ಸಂದು ಅಳೆಯುವ ಗೇಜನ್ನು ಜೇಬಿಗಿಳಿಸಿ ಗಂಭೀರವಾಗಿ ಚಪ್ಪರಕ್ಕೆ ನಡೆದ. ಗೂಡನ್ನು ಮುಟ್ಟದೆ, ಕೆಳಗಿನಿಂದ, ಮೇಲಿನಿಂದ, ಒಂದು ಕಣ್ಣು ಮುಚ್ಚಿ ನೋಡಿದ. ಗೇಜನ್ನು ಗಾಳಿಯಲ್ಲಿ ಹಿಡಿದು ಏನನ್ನೋ ಅಳೆದ.

"ಇದು ಅಸಲಿ ಅಲ್ಲ."

"ಅಸಲಿ ಅಲ್ವಾ? ಹಕ್ಕಿ ಅದೇ ತರ ಇದೆಯಲ್ಲೋ!"

"ತರ ಇರುತ್ತೆ. ಇದು ಸುಲಾವೆಸಿದು. ಸರಕಿನ ದೋಣೀಲಿ ಬಂದಿರೋದು. ನೋಡು, ಸೂರು ಎಷ್ಟು ಗಿಡ್ಡ."

ಪೊಂದಾ ಗೂಡನ್ನೂ ಹಕ್ಕಿಯನ್ನೂ ಶಪಿಸುತ್ತ ಕೂತ. ಆದರೆ ಅವತ್ತಿನಿಂದ ನಮ್ಮ ಭಾವ ದ್ವೀಪದ ಗೂಡು ಪರೀಕ್ಷಕನಾದ. ಮಸೀದಿಯ ಧ್ವನಿವರ್ಧಕದ ವೈರಿನಲ್ಲಿದ್ದ ಗೂಡು ಅಸಲಿ. ಪಂಚಾಯಿತಿ ಕಚೇರಿಯದು ಅಸಲಿ, ಮುಖ್ಯಸ್ಥರು ಅದರ ಕೆಳಗೆ ಫೋಟೋ ತೆಗೆಸಿಕೊಂಡರು. ಅವನು ಮುಖ ನೋಡಿ ಮನೆತನ ಹೇಳುತ್ತಿದ್ದ. ಅವನ ತೀರ್ಪಿನಲ್ಲಿ ಅಡ್ಡಾದಿಡ್ಡಿ ಏನೂ ಇರಲಿಲ್ಲ, ಒಳ್ಳೆಯ ಕಾಫಿ ಕೊಟ್ಟ ಮನೆಯಲ್ಲಿ ನಕಲಿ ಗೂಡು ಒಂದೂ ಸಿಗಲಿಲ್ಲ. ಎಂಜಿನ್ನುಗಳು ಜಗಲಿಯಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

ಹತ್ತನೆಯ ದಿನ ವಾ ಓದೆ ಮಾಸಿನಾ ಅವರ ಮನೆಯಿಂದ ಕರೆ ಬಂತು. ಅವರ ಮನೆಯಲ್ಲಿ ಗೂಡು ಸಿಕ್ಕಿದೆ, ಕೂಡಲೇ ಬರಬೇಕು. ಅಕ್ಕ ಅವನ ಅಂಗಿಯ ಗುಂಡಿ ಹಾಕುತ್ತ ಹೇಳಿದಳು. "ನೋಡಿ, ಅದು ಕಾಗೆ ಗೂಡಾದ್ರೂ ಸರಿ, ಅಸಲಿ ಅಂತ ಹೇಳಿ ಬನ್ನಿ."

ನಾನೂ ಜೊತೆಗೆ ಹೋದೆ. ಆಳೆತ್ತರದ ಮುಂಬಾಗಿಲು ದಾಟಿಸಿದರು, ಗೂಡಿಲ್ಲ. ನಡುಮನೆ ದಾಟಿಸಿದರು, ಗೂಡಿಲ್ಲ. ಹತ್ತೊಂಬತ್ತು ವೈರು ಖಾಲಿ ನೇತಾಡುತ್ತಿದ್ದವು. ಅಡುಗೆಮನೆ ದಾಟಿ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಆ ಮನೆಯ ಒಂದೇ ಒಂದು ಕಕ್ಕಸು. ಅದರ ಬಾಗಿಲ ಚೌಕಟ್ಟಿನಿಂದ ಗೂಡು ನೇತಾಡುತ್ತಿತ್ತು, ಕದ ಮುಚ್ಚಿದರೆ ಸರಿಯಾಗಿ ಸಿಕ್ಕಿಕೊಳ್ಳುವ ಜಾಗದಲ್ಲಿ. ಒಳಗೆ ಎರಡು ಮೊಟ್ಟೆ.

ಭಾವ ಜೇಬಿಗೆ ಕೈ ಹಾಕಿದ. ಗೇಜು ತೆಗೆದ. ವಾ ಓದೆ ಮಾಸಿನಾ ಕಣ್ಣು ಮಿಟುಕಿಸದೆ ನಿಂತಿದ್ದರು.

"ಅಸಲಿ," ಎಂದ. ಸಾಲದೆಂದು ಸೇರಿಸಿದ, "ಇಂಥ ಅಸಲಿ ನಾನು ನೋಡೇ ಇಲ್ಲ ಅಮ್ಮಾವ್ರೇ."

ಅಲ್ಲಿಂದ ಮುಂದೆ ಆ ಮನೆಯ ನಡುಮನೆ ಹಿತ್ತಲಿಗೆ ಬಂತು. ಕಕ್ಕಸಿನ ಎದುರಿಗೆ ಹೊಸ ಚಾಪೆ ಹಾಸಿದರು. ನೆಂಟರು ಬಂದರು, ಪಕ್ಕದ ಕಲೆದುಪಾ ದ್ವೀಪದಿಂದಲೂ ದೋಣಿ ಮಾಡಿಕೊಂಡು ಬಂದರು. ಕಾಫಿ ಬಂತು, ಮರಗೆಣಸು ತುರಿದು ಹಬೆಯಲ್ಲಿ ಬೇಯಿಸಿದ ಕಸುವಾಮಿ ಬಂತು, ಹುಳಿ ಹಾಕಿದ ಮೀನು ಸಾರು ಬಂತು. ಎಲ್ಲರೂ ಕಕ್ಕಸಿನ ಬಾಗಿಲ ಕಡೆ ಮುಖ ಮಾಡಿ ಕೂತು, ಒಂದು ಕೈಯಲ್ಲಿ ತಟ್ಟೆ ಹಿಡಿದು, "ಎಂಥಾ ಜಾಗ ನೋಡಿ ಕಟ್ಟಿದೆ!" ಎಂದು ಕೊಂಡಾಡಿದರು. ಮುಖ್ಯಸ್ಥರು ಒಂದು ಸಣ್ಣ ಭಾಷಣವನ್ನೂ ಮಾಡಿದರು. ಬಂದ ಕೆಲವು ಹಿರಿಯರಿಗೆ ಆ ಕೋಣೆಯ ಬೇರೆ ಉಪಯೋಗವೂ ಬೇಕಾಗಿತ್ತೆಂದು ತೋರುತ್ತದೆ, ಭಾಷಣ ಮುಗಿಯುವುದರೊಳಗೆ ಎದ್ದು ಸಮುದ್ರದ ಕಡೆ ಅವಸರವಾಗಿ ಹೋದರು.

ಗುರುವಾರದ ದೋಣಿಯಲ್ಲಿ ಬು ಹಸ್ನಿಯಾ ಬಂದಿಳಿದರು. ಹೆಗಲಿಗೆ ದುರ್ಬೀನು, ತಲೆಗೆ ಟೋಪಿ, ಮುಖದ ತುಂಬ ನಗು. ದಡದಲ್ಲಿ ಅವರನ್ನು ನೋಡಿದ ಕೂಡಲೇ ಭಾವ ನನ್ನ ಬೆನ್ನ ಹಿಂದೆ ಸರಿದ. ನಿಜವಾಗಿ ಗೊತ್ತಿರುವವರೊಬ್ಬರು ಊರಿಗೆ ಬಂದಿದ್ದರು.

"ಬಾಸಿರ್," ಎಂದು ನನ್ನ ತೋಳು ಹಿಡಿದ, "ಈಯಮ್ಮನಿಗೆ ಏನಾದ್ರೂ ತಿನ್ನೋಕೆ ಕೊಟ್ಟು ನಿನ್ನ ಅಂಗಡೀಲೇ ಕೂರಿಸ್ಕೊ. ಮುಂದಿನ ಗುರುವಾರದವರೆಗೆ."

ಆಗುವ ಮಾತೇ? ದೂರದ ಅತಿಥಿಗಳನ್ನು ದೊಡ್ಡ ಮನೆಗೆ ಕರೆದೊಯ್ಯುವುದು ನಮ್ಮ ಪದ್ಧತಿ. ಊರಿಗೆ ಊರೇ ಅವರ ಹಿಂದೆ ವಾ ಓದೆ ಮಾಸಿನಾ ಅವರ ಹಿತ್ತಲಿಗೆ ನಡೆಯಿತು. ಕೊನೆಯಲ್ಲಿ ನಮ್ಮ ಭಾವ, ಅವನ ಪಕ್ಕದಲ್ಲಿ ಬಣ್ಣಗೆಟ್ಟ ಮುಖದ ಸರೀಮಾ. ಮದುವೆಗೆ ಎಂಟು ದಿನ ಉಳಿದಿತ್ತು.

ಬು ಹಸ್ನಿಯಾ ಗೂಡು ನೋಡಿ ಚಪ್ಪಾಳೆ ತಟ್ಟಿದರು. "ಅಬ್ಬಾ, ಚೆಂದ! ಮೊನ್ನೆ ಮೊನ್ನೆ ಮೊಟ್ಟೆ ಒಡೆದು ಬಂದ ಮರಿ ಎರಡಿದಾವೆ. ನಾನು ಬಟ್ಟೆ ಹಗ್ಗದ ಮೇಲೆ ನೋಡಿದೀನಿ, ಹಡಗಿನ ಸರಪಳೀಲಿ ನೋಡಿದೀನಿ, ಇಲ್ಲಿ ನೋಡಿರ್ಲಿಲ್ಲ. ಅಂದ್ರೆ ನೋಡಿ, ಈ ಹಕ್ಕಿಗೆ ಯಾರ ಮನೆ ಅಂತ..."

"ಮೇಡಂ, ಬಿಸಿ ಆರೋಗುತ್ತೆ, ಕಾಫಿ ತಗೊಳ್ಳಿ," ಎಂದರು ವಾ ಓದೆ ಮಾಸಿನಾ.

"ತಗೋತೀನಿ. ನಾನು ಹೇಳ್ತಿದ್ದದ್ದು, ನೇತಾಡೋಕೆ ಒಂದು ದಾರ ಸಿಕ್ಕರೆ ಸಾಕು, ಅದಕ್ಕೆ..."

"ಕಸುವಾಮಿ ಹಾಕ್ಸಿಕೊಳ್ಳಿ. ಏನೂ ತಿಂದೇ ಇಲ್ಲ ನೀವು. ಏ ಹುಡುಗೀ, ಮೇಡಂಗೆ ಮೀನು ಬಡಿಸು, ದೊಡ್ಡದು!"

ಮೇಡಂ ಮೂರನೆಯ ಸಲ ಬಾಯಿ ತೆರೆದಾಗ ಒಳಗೆ ಮೀನಿತ್ತು. ಭಾವ ಆಕಾಶ ನೋಡಿ ಉಸಿರು ಬಿಟ್ಟ. ತಾನು ಮಾಡಬೇಕಾಗಿದ್ದ ಕೆಲಸವನ್ನು ಆ ತಾಯಿ ಯಾಕೆ ಮಾಡುತ್ತಿದ್ದಾರೆಂದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಊಟವಾದ ಮೇಲೆ ಭಾವನ ಮನೆಯ ಗೂಡನ್ನೂ ನೋಡಿ ಬಂದು ಬು ಹಸ್ನಿಯಾ ಎರಡು ಮಾತು ಹೇಳಿದರು, ಎರಡೂ ಎಲ್ಲರಿಗೂ ಕೇಳಿಸಿದವು. ಮರಿ ಹಾರಲು ಇನ್ನೂ ಎರಡು ವಾರ ಬೇಕು. ಅಲ್ಲಿಯವರೆಗೆ ಈ ಬಾಗಿಲನ್ನೂ, ಜಮೂದಿಯವರ ಮುಂಬಾಗಿಲನ್ನೂ ಯಾರೂ ಬಳಸಕೂಡದು. ಅಷ್ಟು ಹೇಳಿ ಎರಡು ಕಡೆಯೂ ಕೆಂಪು ಪಟ್ಟಿ ಕಟ್ಟಿಸಿ, ಮಸೀದಿಯ ಗೂಡು ನೋಡಲು ಹೋದರು.

ಮುಂಬಾಗಿಲಿಗೆ ಕೆಂಪು ಪಟ್ಟಿ ಬಿದ್ದದ್ದು ನೋಡಿ ಸರೀಮಾ ಮಾತು ಬಿಟ್ಟಳು. ಊಟದ ತಟ್ಟೆ ತಂದಿಟ್ಟು ಸುಮ್ಮನೆ ಹೋಗುತ್ತಿದ್ದಳು. ಬೈದಿದ್ದರೆ ಭಾವ ತಡೆದುಕೊಳ್ಳುತ್ತಿದ್ದ. ಅವಳ ಮೌನಕ್ಕೆ ಅವನು ಇಳಿದುಹೋದ.

ಇತ್ತ ವಾ ಓದೆ ಮಾಸಿನಾ ಅವರ ಮನೆಯಲ್ಲಿ ಒಂಬತ್ತು ಜನ. ಒಂದು ದಿನ ಹೇಗೋ ಕಳೆದರು. ಎರಡನೆಯ ದಿನ ಬೆಳಿಗ್ಗೆ ನಮ್ಮ ಅಕ್ಕ ಹಿತ್ತಲಲ್ಲಿ ಗೆಣಸು ತುರಿಯುತ್ತಿದ್ದಾಗ ಬೇಲಿಯಾಚೆ ಯಾರೋ ಕೆಮ್ಮಿದರು. ನೋಡಿದರೆ ವಾ ಓದೆ ಮಾಸಿನಾ, ಕೈಯಲ್ಲಿ ಸೆರಗು ಮುಚ್ಚಿದ ಚೊಂಬು. ಅಷ್ಟು ದೊಡ್ಡ ಮನೆಗೆ ಅತಿ ಹತ್ತಿರದ ಕಕ್ಕಸು ನಮ್ಮ ಅಕ್ಕನದೇ.

"ಬನ್ನಿ ಅಮ್ಮಾವ್ರೇ," ಎಂದಳು ಅಕ್ಕ, ಏನೂ ಕೇಳದೆ. ಅವರು ಹಿತ್ತಲ ಬಾಗಿಲಿನಿಂದ ಬಂದರು, ಹಿತ್ತಲ ಬಾಗಿಲಿನಿಂದ ಹೋದರು. ಸಂಜೆ ಓರಗಿತ್ತಿಯರು ಬಂದರು. ಮಾರನೆಯ ದಿನ ಮದುವೆ ಹುಡುಗನೇ ಬಂದ, ಅವನನ್ನು ಮಾತ್ರ ಸರೀಮಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬೇಲಿಯ ಹತ್ತಿರ ನಿಲ್ಲಿಸಿಕೊಂಡಳು. ಸರದಿ ಕಾಯುವವರಿಗೆ ಅಕ್ಕ ಮಣೆ ಹಾಕಿದಳು. ಮಣೆಯ ಮೇಲೆ ಕೂತವರು ಸುಮ್ಮನೆ ಕೂರಲಾರದೆ ಗೆಣಸು ತುರಿದರು, ತೆಂಗಿನಕಾಯಿ ಸುಲಿದರು. ಐದನೆಯ ದಿನ ವಾ ಓದೆ ಮಾಸಿನಾ ನಮ್ಮ ಅಕ್ಕನ ಸಾರಿಗೆ ಹುಳಿ ಕಮ್ಮಿ ಎಂದು ತಾವೇ ಪಾತ್ರೆಗೆ ಕೈ ಹಾಕಿದರು.

ಮದುವೆಯ ಹಿಂದಿನ ದಿನ ಭಾವ ನನ್ನನ್ನು ಕರೆದ. ನಾಲ್ಕು ದಿನದಿಂದ ಗಡ್ಡ ಮಾಡಿರಲಿಲ್ಲ.

"ಬಾಸಿರ್, ನಾಳೆ ಅರವತ್ತು ಜನ ಬಂದು ಬೀದೀಲಿ ನಿಂತ್ಕೋತಾರೆ. ನನ್ನ ಬಾಯಿಂದ ನನ್ನ ಮಗಳ ಬಾಳು ಹಾಳಾಯ್ತು ಕಣೋ. ಹೇಳಿಬಿಡ್ತೀನಿ."

"ಏನಂತ?"

ಅವನು ಬಹಳ ಹೊತ್ತು ಒದ್ದಾಡಿದ. "ಹಕ್ಕಿ ವಿಚಾರ ನಂಗೆ ಏನೂ... ಗೊತ್ತಿಲ್ಲ ಅಂತ."

ಅಷ್ಟರಲ್ಲಿ ವಾ ಓದೆ ಮಾಸಿನಾ ಚೊಂಬು ಹಿಡಿದು ಹಿತ್ತಲಿಗೆ ಬಂದರು. ಬಿರಬಿರನೆ ಬರುತ್ತಿದ್ದರು. ಭಾವ ಓಡಿಹೋಗಿ ದಾರಿಗೆ ಅಡ್ಡ ನಿಂತು ಕೈ ಮುಗಿದ.

"ಅಮ್ಮಾವ್ರೇ, ತಪ್ಪಾಯ್ತು. ಆವತ್ತು ಹೇಳಿದ್ದೆಲ್ಲ ಸುಳ್ಳು. ಓದೆ ಹಕ್ಕಿನೂ ಇಲ್ಲ, ಅಸಲಿ ನಕಲಿನೂ ಇಲ್ಲ. ಅದು ಎಲ್ಲಿ ಬೇಕಾದ್ರೂ ಗೂಡು ಕಟ್ಟುತ್ತೆ. ನಮ್ಮ ತಾತನ ಮನೆಗೆ ಬಾಗಿಲೇ ಇರ್ಲಿಲ್ಲ. ನನ್ನನ್ನ ಏನಾದ್ರೂ ಅನ್ನಿ, ಹುಡುಗೀನ ಮಾತ್ರ ಬಿಡಬೇಡಿ."

ವಾ ಓದೆ ಮಾಸಿನಾ ಹಿಂದೆ ನೋಡಿದರು, ಬೇಲಿಯಾಚೆ ನೋಡಿದರು. ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ನಂಗೆ ಗೊತ್ತಿಲ್ವೇನ್ರೀ? ಪ್ರತಿವರ್ಷ ನಮ್ಮ ಕಕ್ಕಸಲ್ಲಿ ಕಟ್ಟುತ್ತೆ, ಪ್ರತಿವರ್ಷ ಪೊರಕೆ ತಗೊಂಡು ನಾನೇ ಕೀಳ್ತೀನಿ. ನಿಮ್ಮ ಮಾತು ಕೇಳಿ ಊರೆಲ್ಲ ಕುಣೀತು. ಎಲ್ಲಾರ ಮನೇಲೂ ಇದ್ದು ನಮ್ಮನೇಲಿ ಇಲ್ಲ ಅನ್ನಿಸ್ಕೊಳ್ಳೋಕಾಗುತ್ತಾ? ಈಗ ನೀವು ಸುಳ್ಳು ಅಂತ ಡಂಗುರ ಹೊಡೆದ್ರೆ, ಎಪ್ಪತ್ತು ಜನ ನೆಂಟರು ನನ್ನ ಕಕ್ಕಸಿನ ಮುಂದೆ ಕೂತು ಮೀನು ಸಾರು ತಿಂದ್ರಲ್ಲ, ಅವರಿಗೆ ನಾನೇನು ಹೇಳ್ಲಿ?"

ಭಾವ ತಾನೂ ಒಮ್ಮೆ ಬೇಲಿಯಾಚೆ ನೋಡಿದ.

"ನಾಳೆ ಅರವತ್ತು ಜನಾನೂ ಇದೇ ಹಿತ್ತಲ ಬಾಗಿಲಲ್ಲಿ ಬರ್ತೀವಿ. ಯಾಕೆ ಅಂತ ಕೇಳಿದೋರಿಗೆ ಮುಂದುಗಡೆ ಹಕ್ಕಿ ಇದೆ, ಅದರ ಮರ್ಯಾದೆ ಅಂತ ನಾನು ಹೇಳ್ಕೋತೀನಿ. ನೀವು ಮಾತ್ರ ಬಾಯಿ ಮುಚ್ಕೊಂಡಿರಿ. ತಿಳೀತಾ?"

ತಿಳಿಯಿತೆಂದು ಭಾವ ತಲೆಯಾಡಿಸಿದ. ಕಣ್ಣಲ್ಲಿ ನೀರು ತುಂಬಿ ಬಂದು, ಅಲ್ಲೇ ಕೈ ಜೋಡಿಸಿಕೊಂಡು ನಿಂತುಬಿಟ್ಟ. ವಾ ಓದೆ ಮಾಸಿನಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು.

"ಇನ್ನಾದ್ರೂ ದಾರಿ ಬಿಡ್ರೀ ಬೀಗರೇ, ಅರ್ಜೆಂಟಾಗಿದೆ!"